ಪ್ಯಾಕರ್ಸ್‌ನವರನ್ನು ಕರೆಯುವ ಮುಂಚೆ ಮನೆ ಸಾಮಾನು ಎಷ್ಟಿದೆ ಅಂತ ಲೆಕ್ಕ ಹಾಕೋದು ಹೇಗೆ?

ಕಿಟಕಿಪಕ್ಕ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೇರೆ ಊರಿಗೆ ಮನೆ ಬದಲಾಯಿಸುತ್ತಿದ್ದೇವೆ. ಎರಡು ಬೆಡ್‌ರೂಮಿನ ಮನೆ, ನಾಲ್ಕು ಜನ. ಮೂರು ಕಡೆ ಫೋನ್ ಮಾಡಿ ವಿಚಾರಿಸಿದೆ. ಒಬ್ಬರು 450 ಘನ ಅಡಿ ಅಂದರು. ಇನ್ನೊಬ್ಬರು 600 ಅಂದರು. ಮೂರನೆಯವರು ಘನ ಅಡಿಯ ಮಾತೇ ಎತ್ತಲಿಲ್ಲ, "ಎರಡೂವರೆ ಟನ್ ಆಗುತ್ತೆ ಸರ್, ನಮಗೆ ಅಂದಾಜಿದೆ" ಅಂದರು. ಯಾರೂ ಮನೆ ನೋಡಿಲ್ಲ. ಎಷ್ಟು ಬೆಡ್‌ರೂಮ್ ಅಂತ ಕೇಳಿದರು, ಅಷ್ಟೇ.

ನಮ್ಮದು ಪೂರ್ತಿ ಲಾರಿ ಅಲ್ಲ. ಬೇರೆಯವರ ಸಾಮಾನಿನ ಜೊತೆ ಹೋಗುವ ಪಾರ್ಟ್ ಲೋಡ್. ಎಷ್ಟು ಜಾಗ ಹಿಡಿಯುತ್ತದೋ ಅಷ್ಟಕ್ಕೆ ದುಡ್ಡು. ಹಾಗಾಗಿ ಈ ಸಂಖ್ಯೆ ಸರಿಯಾಗಿ ಗೊತ್ತಿರಬೇಕು. ಮನೆಯಲ್ಲೇ ಕೂತು ಲೆಕ್ಕ ಹಾಕುವುದು ಹೇಗೆ? ತೂಕ ನೋಡಬೇಕಾ, ಅಳತೆ ನೋಡಬೇಕಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಅಳತೆಟೇಪು

ಮೊದಲು ಟೇಪ್ ತಗೊಳ್ಳಿ. ಒಂದೊಂದೇ ವಸ್ತುವಿನ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಸೆಂಟಿಮೀಟರಿನಲ್ಲಿ ಅಳೆದಿದ್ದರೆ ಮೂರನ್ನೂ ಗುಣಿಸಿ 28,300ರಿಂದ ಭಾಗಿಸಿ. ಇಂಚಿನಲ್ಲಾದರೆ 1,728ರಿಂದ. ಬರುವುದು ಘನ ಅಡಿ. ಪ್ಯಾಕರ್ಸ್‌ನವರು ಸಿಎಫ್‌ಟಿ ಅನ್ನುವುದು ಇದಕ್ಕೇ.

6 ಅಡಿ ಉದ್ದ, 5 ಅಡಿ ಅಗಲ, 8 ಇಂಚು ದಪ್ಪದ ಹಾಸಿಗೆ 20 ಘನ ಅಡಿ. 60 ಸೆಂಟಿಮೀಟರ್ ಅಗಲ, ಅಷ್ಟೇ ಆಳ, 85 ಎತ್ತರದ ವಾಷಿಂಗ್ ಮಷಿನ್ ಸುಮಾರು 11. ಮೂರು ಜನ ಕೂರುವ ಸೋಫಾ 50ರ ಆಸುಪಾಸು.

ಫ್ರಿಜ್ ವಿಷಯದಲ್ಲಿ ಹುಷಾರು. ಅದರ ಮೇಲೆ ಬರೆದಿರುವ ಲೀಟರ್ ಒಳಗಿನ ಜಾಗ. 250 ಲೀಟರ್ ಅಂದರೆ 9 ಘನ ಅಡಿ ಕೂಡ ಆಗುವುದಿಲ್ಲ. ಲಾರಿಯಲ್ಲಿ ಜಾಗ ಹಿಡಿಯುವುದು ಹೊರಗಿನ ಅಳತೆ. 55 ಅಗಲ, 65 ಆಳ, 150 ಎತ್ತರ ಇದ್ದರೆ 19 ಘನ ಅಡಿ. ಎರಡರಷ್ಟು ಆಯ್ತಲ್ಲ! ಫೋನಿನಲ್ಲಿ "250 ಲೀಟರ್ ಫ್ರಿಜ್" ಅಂತ ಹೇಳಿ ಬಿಟ್ಟರೆ ಆ ಕಡೆಯವರು ಏನು ಬರೆದುಕೊಂಡರು ಅಂತ ನಿಮಗೆ ಗೊತ್ತಾಗುವುದಿಲ್ಲ.

ಸುಮ್ನೆಓದುವವ

ಒಂದರೊಳಗೆ ಒಂದು ಕೂರುವ ಕುರ್ಚಿಗಳಿದ್ದರೆ? ನಾಲ್ಕನ್ನೂ ಬೇರೆ ಬೇರೆ ಅಳೆಯಬೇಕಾ?

ಅಳತೆಟೇಪು

ಬೇಡ. ಜೋಡಿಸಿಟ್ಟು ಒಟ್ಟಿಗೆ ಅಳೆಯಿರಿ. ಲಾರಿಗೆ ಯಾವ ರೂಪದಲ್ಲಿ ಹೋಗುತ್ತದೋ ಅದೇ ರೂಪದ ಅಳತೆ ಬೇಕು. ಮಂಚ ಬಿಚ್ಚುವುದಾದರೆ ಹಲಗೆಗಳನ್ನು ಒರಗಿಸಿಟ್ಟ ಲೆಕ್ಕ. ಬಿಚ್ಚಲು ಆಗದ ಮಂಚ ಆದರೆ ನಿಂತ ಹಾಗೇ ಪೂರ್ತಿ ಲೆಕ್ಕ. ಬಟ್ಟೆಯ ವಾರ್ಡ್‌ರೋಬ್ 4 ಅಡಿ ಅಗಲ, 2 ಅಡಿ ಆಳ, ಆರೂವರೆ ಅಡಿ ಎತ್ತರ ಅಂದರೆ 52 ಘನ ಅಡಿ. ಬಿಚ್ಚಿದರೆ ಅದೇ ಒಂದು ಕಟ್ಟು ಹಲಗೆ. ಬಿಚ್ಚುವವರು ಯಾರು, ಮತ್ತೆ ಜೋಡಿಸುವವರು ಯಾರು ಅನ್ನೋದು ಮೊದಲೇ ತೀರ್ಮಾನ ಆಗದಿದ್ದರೆ ಲೆಕ್ಕ ಅಲ್ಲೇ ದಾರಿ ತಪ್ಪುತ್ತದೆ.

ಸಂಜೆಗಾಳಿ

ಬೆಡ್‌ರೂಮ್ ಎಣಿಸಿ ರೇಟ್ ಹೇಳಿದವರನ್ನು ಅಲ್ಲೇ ಬಿಡಿ. ಮಾತು ಮುಂದುವರಿಸಬೇಡಿ.

ರಟ್ಟಿನಡಬ್ಬ

ಅಳತೆಟೇಪು ಅವರು ಹೇಳಿದ್ದೆಲ್ಲ ಸರಿ. ಆದರೆ ದೊಡ್ಡ ಸಾಮಾನು ಕಣ್ಣಿಗೆ ಕಾಣುತ್ತದೆ. ಸೋಫಾ ಮರೆಯುವವರು ಯಾರೂ ಇಲ್ಲ. ಲೆಕ್ಕ ತಪ್ಪುವುದು ಬಾಗಿಲು ಹಾಕಿರುವ ಜಾಗದಲ್ಲಿ. ಅಂದರೆ ಡಬ್ಬಗಳ ಸಂಖ್ಯೆಯಲ್ಲಿ. ಯಾರನ್ನು ಬೇಕಾದರೂ ಕೇಳಿ, "ಒಂದು 15 ಡಬ್ಬ ಆಗಬಹುದು" ಅನ್ನುತ್ತಾರೆ. ತುಂಬಲು ಶುರು ಮಾಡಿದ ಮೇಲೆ 40 ದಾಟುತ್ತದೆ.

ನಾನು ಮಾಡುವುದು ಹೀಗೆ. 18 ಇಂಚು ಉದ್ದ, 18 ಅಗಲ, 16 ಎತ್ತರದ ಒಂದು ರಟ್ಟಿನ ಡಬ್ಬ ತರಿಸಿಕೊಳ್ಳಿ. ಅದು ಸರಿಯಾಗಿ 3 ಘನ ಅಡಿ. ಅಡುಗೆಮನೆಯ ಒಂದು ಕಪಾಟನ್ನು ನಿಜವಾಗಿ ಪ್ಯಾಕ್ ಮಾಡಿ ನೋಡಿ. ತಟ್ಟೆ, ಲೋಟ, ಗಾಜಿನ ಬಟ್ಟಲು, ಪ್ರತಿಯೊಂದಕ್ಕೂ ಕಾಗದ ಸುತ್ತಿ, ತಳಕ್ಕೆ ಮೆತ್ತೆ ಹಾಕಿ. ಅರ್ಧ ಕಪಾಟಿಗೇ ಡಬ್ಬ ತುಂಬಿಬಿಡಬಹುದು. ಕಪಾಟಿನಲ್ಲಿ ಗಾಜಿನ ಲೋಟಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಡಬ್ಬದಲ್ಲಿ ಹಾಗೆ ನಿಲ್ಲಿಸಲು ಆಗುವುದಿಲ್ಲ. ಒಂದು ಕಪಾಟಿಗೆ ಎಷ್ಟು ಡಬ್ಬ ಅಂತ ಗೊತ್ತಾದ ಮೇಲೆ ಅಂಥ ಕಪಾಟು ಎಷ್ಟಿವೆ ಅಂತ ಎಣಿಸಿ ಗುಣಿಸಿ. ಬಟ್ಟೆಗೂ ಹೀಗೇ, ಒಂದು ಶೆಲ್ಫ್ ಖಾಲಿ ಮಾಡಿ ನೋಡಿ.

ಆಮೇಲೆ ಸೂಟ್‌ಕೇಸುಗಳು. ಅವು ಖಾಲಿ ಹೋದರೂ ಅಷ್ಟೇ ಜಾಗ, ತುಂಬಿ ಹೋದರೂ ಅಷ್ಟೇ ಜಾಗ. ಅದರೊಳಗೆ ಬಟ್ಟೆ ತುಂಬಿದರೆ ಅಷ್ಟು ಡಬ್ಬ ಕಡಿಮೆ.

ಕಿಟಕಿಪಕ್ಕ

ಇದು ಒಳ್ಳೆ ಉಪಾಯ ಅಕ್ಕಾ. ಇವತ್ತೇ ಒಂದು ಕಪಾಟು ಪ್ಯಾಕ್ ಮಾಡಿ ನೋಡುತ್ತೇನೆ.

ಹಗ್ಗಹೊರೆ

ನಾನು ಇದೇ ಕೆಲಸದಲ್ಲಿ ಇರುವವನು. ಸರ್ವೆಗೆ ಮನೆ ಮನೆಗೆ ಹೋಗುತ್ತೇನೆ. ಈ ಕಡೆಯ ಮಾತೂ ಸ್ವಲ್ಪ ಕೇಳಿ.

ನಾವು ಹೋದಾಗ ಜನ ಹಾಲ್ ತೋರಿಸುತ್ತಾರೆ, ಎರಡು ರೂಮ್ ತೋರಿಸುತ್ತಾರೆ, "ಅಷ್ಟೇ ಸರ್" ಅನ್ನುತ್ತಾರೆ. ಮೇಲೆ ಅಟ್ಟ ಇದೆಯಾ ಅಂತ ನಾವೇ ಕೇಳಬೇಕು. ಕೇಳಿದರೆ "ಅದರಲ್ಲಿ ಏನೂ ಇಲ್ಲ" ಅನ್ನುವ ಉತ್ತರ ಬರುತ್ತದೆ. ಒಂದು ಮನೆಯಲ್ಲಿ ಮಂಚದ ಕೆಳಗಿನ ಪೆಟ್ಟಿಗೆ ಎತ್ತಿ ತೋರಿಸಿ ಅಂದೆ. ಮೇಲಿನ ಹಲಗೆ ಎತ್ತಿದರೆ ನಾಲ್ಕು ರಜಾಯಿ, ಸುತ್ತಿಟ್ಟ ರತ್ನಗಂಬಳಿ, ಮಿಕ್ಸಿ ಮತ್ತು ಟಿವಿಯ ಖಾಲಿ ಡಬ್ಬಗಳು, ಮಕ್ಕಳ ಹಳೆ ಶಾಲೆ ಬ್ಯಾಗು, ಒಂದು ಮಡಚುವ ಮೇಜು. ಆ ಒಂದು ಪೆಟ್ಟಿಗೆಯೇ 30 ಘನ ಅಡಿ ಹತ್ತಿರ ಇತ್ತು. ಮನೆಯವರಿಗೆ ಅದೆಲ್ಲ ಇದೆ ಅನ್ನೋದೇ ನೆನಪಿರಲಿಲ್ಲ.

ಜನ ಬಿಟ್ಟುಬಿಡುವ ಜಾಗ ಹೇಳುತ್ತೇನೆ, ಬರೆದುಕೊಳ್ಳಿ. ಅಟ್ಟ. ಬಾಲ್ಕನಿ. ಮಂಚದ ಕೆಳಗೆ. ಬಾಗಿಲಿನ ಹಿಂದೆ. ಗೋಡೆಗೆ ಹೊಡೆದಿರುವುದೆಲ್ಲ, ಅಂದರೆ ಕನ್ನಡಿ, ಚಿತ್ರಪಟ, ಟಿವಿ, ನೀರಿನ ಫಿಲ್ಟರ್. ಪರದೆ ಮತ್ತು ಅದರ ಕಂಬಿ. ಬಾತ್‌ರೂಮಿನ ಬಕೆಟ್, ಸ್ಟೂಲು. ಗ್ಯಾರೇಜಿನಲ್ಲಿ ಸೈಕಲ್, ಏಣಿ. ಪಕ್ಕದ ಮನೆಯವರಿಗೆ ಕೊಟ್ಟು ವಾಪಸ್ ಬರಬೇಕಾಗಿರುವ ಸಾಮಾನು ಕೂಡ.

ನೇರಮಾತು

ಹಗ್ಗಹೊರೆ ಅವರೇ, ನೀವು ಒಳ್ಳೆಯವರಿರಬಹುದು. ಆದರೆ ಎಲ್ಲ ತಪ್ಪನ್ನೂ ಗಿರಾಕಿಯ ತಲೆಗೆ ಕಟ್ಟಬೇಡಿ. ಬೇಕಂತಲೇ ಕಡಿಮೆ ಹೇಳಿ ಆರ್ಡರ್ ಹಿಡಿಯುವವರು ಎಷ್ಟು ಜನ ಇಲ್ಲ? ನಮ್ಮ ಚಿಕ್ಕಪ್ಪನ ಮನೆಗೆ ಬಂದವರು ಹಾಗೇ ಮಾಡಿದರು. ಸರ್ವೆ ಮಾಡಿದವನು ಅಟ್ಟವನ್ನೂ ನೋಡಿಕೊಂಡು ಹೋಗಿದ್ದ. ಲೋಡಿಂಗ್ ದಿನ ಅರ್ಧ ಸಾಮಾನು ಲಾರಿಗೆ ಏರಿದ ಮೇಲೆ "ಸಾಮಾನು ಜಾಸ್ತಿ ಇದೆ, ಎಕ್ಸ್‌ಟ್ರಾ ಆಗುತ್ತೆ" ಅಂತ ನಿಂತುಬಿಟ್ಟರು. ಹೊಸಬರು ಸಂಜೆಗೆ ಮನೆಗೆ ಬರುವವರು. ಬೀಗ ಕೊಡಬೇಕು. ಚಿಕ್ಕಪ್ಪ ಏನು ಮಾಡಬೇಕು? ಕೇಳಿದಷ್ಟು ಕೊಟ್ಟರು.

ಹಗ್ಗಹೊರೆ

ಅಂಥವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರಿಂದ ನಮಗೂ ಹೊಡೆತ. ನಾನು ಸರಿಯಾಗಿ 550 ಅಂತ ಬರೆದುಕೊಟ್ಟರೆ, ಪಕ್ಕದವನು 400 ಅಂತಾನೆ. ಗಿರಾಕಿ ಯಾರ ಹತ್ತಿರ ಹೋಗುತ್ತಾರೆ ಹೇಳಿ. ಅದಕ್ಕೇ ನಾನು ಹೇಳುವುದು, ಪಟ್ಟಿ ನಿಮ್ಮದಿರಲಿ. ನೀವೇ ಬರೆದ ಒಂದೇ ಪಟ್ಟಿಯನ್ನು ಎಲ್ಲರಿಗೂ ಕಳಿಸಿ. "ಈ ಪಟ್ಟಿಯ ಸಾಮಾನಿಗೆ ನಿಮ್ಮ ಲೆಕ್ಕ ಎಷ್ಟು?" ಅಂತ ಕೇಳಿ. ಆಗ 400 ಅಂದವನು ಯಾವುದನ್ನು ಬಿಟ್ಟ ಅಂತ ಕೇಳಲು ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ.

ನೇರಮಾತು

ಇದನ್ನು ಒಪ್ಪುತ್ತೇನೆ. ಪಟ್ಟಿಗೆ ಎರಡೂ ಕಡೆಯವರ ಸಹಿಯೂ ಇರಲಿ. ಪಟ್ಟಿಯಲ್ಲಿ ಇಲ್ಲದ್ದು ಸೇರಿದರೆ ಒಂದು ಘನ ಅಡಿಗೆ ಎಷ್ಟು ಅನ್ನೋದೂ ಅದರಲ್ಲೇ ಬರೆದಿರಲಿ. ಜಾಸ್ತಿ ಆದರೆ ಜಾಸ್ತಿ ಕೊಡೋಣ, ಅದರ ರೇಟ್ ಲಾರಿ ಬಾಗಿಲಲ್ಲಿ ಹುಟ್ಟಬಾರದು.

ತಕ್ಕಡಿ

ತೂಕದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ.

ಈ ವ್ಯವಹಾರದಲ್ಲಿ ಹಳೆಯ ಅಂದಾಜು ಒಂದಿದೆ. ಸಾಧಾರಣ ಮನೆ ಸಾಮಾನು ಒಂದು ಘನ ಅಡಿಗೆ 7 ಪೌಂಡ್, ಅಂದರೆ ಸುಮಾರು 3.2 ಕೆಜಿ. ಸೋಫಾ, ಹಾಸಿಗೆ, ಬಟ್ಟೆ, ಮರ, ಪಾತ್ರೆ ಎಲ್ಲ ಕಲಸಿದ ಸರಾಸರಿ. 600 ಘನ ಅಡಿ ಅಂದರೆ 1,900 ಕೆಜಿ ಚಿಲ್ಲರೆ. ಕಿಟಕಿಪಕ್ಕ ಅವರಿಗೆ ಎರಡೂವರೆ ಟನ್ ಅಂದವರ ಲೆಕ್ಕವನ್ನು ಘನ ಅಡಿಗೆ ತಂದರೆ 780ರ ಹತ್ತಿರ ಆಗುತ್ತದೆ. ಅಂದರೆ ಮೂವರು ಮೂರು ಬೇರೆ ಬೇರೆ ಮನೆಗಳ ಲೆಕ್ಕ ಹೇಳಿದ ಹಾಗೆ.

ಆದರೆ ಈ ಸರಾಸರಿ ಎಲ್ಲ ಮನೆಗೂ ಹೊಂದುವುದಿಲ್ಲ. ಪುಸ್ತಕ ಜಾಸ್ತಿ ಇರುವ ಮನೆ, ಕಬ್ಬಿಣದ ಬೀರು ಇರುವ ಮನೆ, ವ್ಯಾಯಾಮದ ಡಂಬೆಲ್ ಇರುವ ಮನೆ, ಇವೆಲ್ಲ ಬೇರೆ. ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಹಿಡಿಯುವುದು 11 ಘನ ಅಡಿ ಮಾತ್ರ, ತೂಗುವುದು 60 ಕೆಜಿಗೂ ಮೇಲೆ. ಡ್ರಮ್ ಅಲುಗಾಡದಿರಲಿ ಅಂತ ಒಳಗೆ ಕಾಂಕ್ರೀಟ್ ಅಥವಾ ಎರಕದ ಕಬ್ಬಿಣದ ಭಾರ ಇಟ್ಟಿರುತ್ತಾರೆ.

ಪುಸ್ತಕದರಾಶಿ

ಪುಸ್ತಕ ಅಂದ ಕೂಡಲೇ ನಾನು ಬರಲೇಬೇಕು. ಪುಸ್ತಕವನ್ನು ಎಣಿಸಬೇಡಿ, ಕಪಾಟಿನ ಉದ್ದ ಅಳೆಯಿರಿ. ಮಾಮೂಲಿ ಅಳತೆಯ ಪುಸ್ತಕ ಒಂದು ಮೀಟರ್ ಉದ್ದಕ್ಕೆ ನಿಂತಿದ್ದರೆ ಸುಮಾರು 20 ಕೆಜಿ. ದೊಡ್ಡ ಆಕಾರದ, ದಪ್ಪ ರಟ್ಟಿನ ಪುಸ್ತಕ ಆದರೆ ಇನ್ನೂ ಜಾಸ್ತಿ. ಒಂದು ಮೀಟರಿಗೆ ಒಂದು ಚಿಕ್ಕ ಡಬ್ಬ ಅಂತ ಇಟ್ಟುಕೊಳ್ಳಿ. ಚಿಕ್ಕದು ಅಂದರೆ ಒಂದೂವರೆ ಘನ ಅಡಿಯದು.

ರಟ್ಟಿನಡಬ್ಬ ಅವರು ಹೇಳಿದ 3 ಘನ ಅಡಿ ಡಬ್ಬಕ್ಕೆ ಪುಸ್ತಕ ತುಂಬಲೇಬೇಡಿ. ಅಂಚಿನವರೆಗೆ ತುಂಬಿದರೆ 50 ಕೆಜಿ ದಾಟುತ್ತದೆ. ಎತ್ತುವಾಗ ತಳ ಕಿತ್ತು ಬರುತ್ತದೆ. ಎತ್ತುವವರ ಸೊಂಟದ ಗತಿ ಏನು?

ರಟ್ಟಿನಡಬ್ಬ

ಖಂಡಿತ. ಪುಸ್ತಕಕ್ಕೆ ಚಿಕ್ಕ ಡಬ್ಬ, ದಿಂಬಿಗೆ ದೊಡ್ಡ ಡಬ್ಬ. ಅದಕ್ಕೇ ಪಟ್ಟಿಯಲ್ಲಿ "ಡಬ್ಬ 40" ಅಂತ ಬರೆದರೆ ಸಾಲದು. ಚಿಕ್ಕದು ಎಷ್ಟು, ಮಧ್ಯಮ ಎಷ್ಟು, ದೊಡ್ಡದು ಎಷ್ಟು ಅಂತ ಬೇರೆ ಬೇರೆ ಬರೆಯಬೇಕು.

ಸುಮ್ನೆಓದುವವ

ಆಫೀಸ್ ಕಾಗದಪತ್ರ ಕೂಡ ಪುಸ್ತಕದ ಹಾಗೇ ಅಲ್ವಾ?

ತಕ್ಕಡಿ

ಹೌದು. 500 ಹಾಳೆಯ ಎ4 ಕಾಗದದ ಒಂದು ಕಟ್ಟು ಎರಡೂವರೆ ಕೆಜಿ. ಫೈಲುಗಳ ಡ್ರಾಯರ್ ತುಂಬಿದ್ದರೆ ಲೆಕ್ಕ ನೀವೇ ಹಾಕಿ.

ಹತ್ತಕ್ಕೆಹನ್ನೊಂದು

ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ? ಕಣ್ಣಂದಾಜಿನಲ್ಲಿ ಒಂದು ಸಂಖ್ಯೆ ಹಾಕಿ, ಅದರ ಮೇಲೆ ಹತ್ತು ಪರ್ಸೆಂಟ್ ಸೇರಿಸಿ. ಮುಗಿಯಿತು.

ಅಳತೆಟೇಪು

ಕಣ್ಣಂದಾಜೇ ಅರ್ಧಕ್ಕೆ ಅರ್ಧ ತಪ್ಪಿದ್ದರೆ ಹತ್ತು ಪರ್ಸೆಂಟ್ ಏನು ಮಾಡುತ್ತದೆ? ಸೋಫಾ, ಫ್ರಿಜ್, ಹಾಸಿಗೆ ಅಳೆದಾಗಿದೆ, ಅದಕ್ಕೆ ಏನೂ ಸೇರಿಸುವುದು ಬೇಡ. ಸೇರಿಸುವುದಾದರೆ ಡಬ್ಬಗಳ ಮೇಲೆ ಸೇರಿಸಿ. ಕೊನೆಯ ದಿನ ಬೆಳಿಗ್ಗೆ ಉಳಿದಿರುತ್ತದಲ್ಲ, ಹಿಂದಿನ ರಾತ್ರಿ ಹೊದ್ದ ಹೊದಿಕೆ, ಪೊರಕೆ, ಕಸದ ಬುಟ್ಟಿ, ಚಾರ್ಜರ್, ಒದ್ದೆ ಬಟ್ಟೆ. ಅದಕ್ಕೇ ನಾಲ್ಕೈದು ಡಬ್ಬ ಬೇಕು.

ಹತ್ತಕ್ಕೆಹನ್ನೊಂದು

ಪೂರ್ತಿ ಲಾರಿ ಬುಕ್ ಮಾಡಿದರೆ ಈ ರಗಳೆಯೇ ಇರುವುದಿಲ್ಲ.

ಹಗ್ಗಹೊರೆ

ಇರುತ್ತದೆ ಅಣ್ಣ, ಬೇರೆ ರೂಪದಲ್ಲಿ ಇರುತ್ತದೆ. ಒಳಗೆ 14 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರದ ಲಾರಿ ಅಂದುಕೊಳ್ಳಿ. ಗುಣಿಸಿದರೆ 504 ಘನ ಅಡಿ. ಹಾಗಂತ 504 ಘನ ಅಡಿ ಸಾಮಾನು ಅದರಲ್ಲಿ ಹೋಗುವುದಿಲ್ಲ. ಸೋಫಾದ ಕೈ, ಮೇಜಿನ ಕಾಲು, ಸೈಕಲ್, ಇವುಗಳ ನಡುವೆ ಜಾಗ ಪೋಲಾಗುತ್ತದೆ. ನಾಜೂಕಿನ ಸಾಮಾನಿನ ಮೇಲೆ ಏನೂ ಇಡುವ ಹಾಗಿಲ್ಲ. ಚೆನ್ನಾಗಿ ಜೋಡಿಸುವವರು ಸಿಕ್ಕಿದರೂ ಐದನೇ ಒಂದು ಭಾಗ ಖಾಲಿ ಉಳಿಯುತ್ತದೆ ಅಂತಲೇ ನಾನು ಲೆಕ್ಕ ಇಡುವುದು. 400 ಘನ ಅಡಿಗೆ ಆ ಲಾರಿ ಸರಿ. ನಿಮ್ಮದು 480 ಇದ್ದರೆ ಕೊನೆಗೆ ವಾಷಿಂಗ್ ಮಷಿನ್ ರಸ್ತೆಯಲ್ಲಿ ನಿಂತಿರುತ್ತದೆ, ಲಾರಿ ತುಂಬಿರುತ್ತದೆ.

ಹಳೆಬೇರು

ನನ್ನದೊಂದು ಮಾತು. ಮೊದಲು ಬೇಡದ್ದನ್ನು ಕೊಟ್ಟುಬಿಡಿ, ಆಮೇಲೆ ಎಣಿಸಿ. ಎಣಿಸಿದ ಮೇಲೆ ಕೊಡೋಣ ಅಂದರೆ ಯಾವುದೂ ಹೋಗುವುದಿಲ್ಲ. ಪಟ್ಟಿಯಲ್ಲಿ ಬರೆದ ವಸ್ತುವಿನ ಮೇಲೆ ಮತ್ತೆ ಮೋಹ ಹುಟ್ಟುತ್ತದೆ.

ಅಮ್ಮನಮನೆ

ಹಿರಿಯರೇ, ಹೇಳುವುದು ಸುಲಭ. ನಾವು ಈಗ ಅಮ್ಮನನ್ನು ನಮ್ಮ ಹತ್ತಿರ ಕರೆಸಿಕೊಳ್ಳುತ್ತಿದ್ದೇವೆ. ಮನೆ ತುಂಬಾ ಅಪ್ಪ ಇಟ್ಟಿದ್ದ ಸಾಮಾನು. ಟ್ರಂಕುಗಳನ್ನು ತೆಗೆಯಲೂ ಬಿಡುವುದಿಲ್ಲ. ನಾನಿರುವುದು ದೂರದಲ್ಲಿ. ಅಲ್ಲಿಗೆ ಹೋಗದೆ ಲೆಕ್ಕ ಹಾಕುವ ದಾರಿ ಇದೆಯಾ?

ರಟ್ಟಿನಡಬ್ಬ

ಇದೆ ತಂಗಿ. ಟ್ರಂಕ್ ಒಳಗೆ ಏನಿದೆ ಅಂತ ನೋಡುವುದೇ ಬೇಡ. ಅದು ಹಾಗೇ ಮುಚ್ಚಿಕೊಂಡು ಬರುವುದಾದರೆ ಹೊರಗಿನ ಅಳತೆ ಸಾಕು. ಅಲ್ಲಿರುವ ಯಾರಿಗಾದರೂ ಹೇಳಿ ವಿಡಿಯೋ ಕಾಲ್ ಮಾಡಿಸಿ. ಒಂದೊಂದು ರೂಮಿನಲ್ಲೂ ಬಾಗಿಲಿಂದ ಶುರು ಮಾಡಿ ಗೋಡೆ ಹಿಡಿದುಕೊಂಡು ಒಂದು ಸುತ್ತು ಬರಲಿ. ಕಪಾಟಿನ ಬಾಗಿಲು ತೆಗೆದು ತೋರಿಸಲಿ. ದೊಡ್ಡ ಸಾಮಾನಿನ ಪಕ್ಕ ಟೇಪ್ ಹಿಡಿದು ನಿಲ್ಲಲಿ. ವಿಡಿಯೋದಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ, ಟೇಪ್ ಇದ್ದರೆ ಆ ಮೋಸ ಇಲ್ಲ. ಅದೇ ವಿಡಿಯೋ ಇಟ್ಟುಕೊಂಡಿರಿ. ನಾಳೆ ಪ್ಯಾಕರ್ಸ್‌ನವರು "ಇದನ್ನು ನೀವು ತೋರಿಸಿರಲಿಲ್ಲ" ಅಂದರೆ ಉತ್ತರ ಕೊಡಲು ಬರುತ್ತದೆ.

ಅಮ್ಮನ ಸಾಮಾನಿನಲ್ಲಿ ಏನು ಬರಬೇಕು, ಏನು ಬೇಡ ಅನ್ನೋದು ಅಮ್ಮನೇ ಹೇಳಲಿ ಅಂತ ನನ್ನ ಅಭಿಪ್ರಾಯ. ಅದಕ್ಕೆ ಸಮಯ ಬೇಕು. ಸರ್ವೆಗೆ ಮುಂಚೆ ಆ ಸಮಯ ಕೊಡಿ.

ಹಳೆಬೇರು

ಇದು ನಿಜ. ನಾನು ಹೇಳಿದ್ದು ಅವರವರ ಸಾಮಾನಿಗೆ. ಅಮ್ಮನ ಟ್ರಂಕಿಗೆ ಅಲ್ಲ.

ಅಮ್ಮನಮನೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ತಮ್ಮ ಅಲ್ಲಿಗೆ ಹೋಗುತ್ತಾನೆ, ಅವನ ಕೈಯಲ್ಲಿ ವಿಡಿಯೋ ಮಾಡಿಸುತ್ತೇನೆ.

ಮಹಡಿಮೇಲೆ

ಸಾಮಾನಿನ ಲೆಕ್ಕ ಆಯ್ತು, ದಾರಿಯ ಲೆಕ್ಕ ಯಾರು ಹೇಳುತ್ತೀರಿ? ಲಿಫ್ಟ್ ಇದೆ ಅಂದರೆ ಸಾಲದು, ಲಿಫ್ಟ್ ಬಾಗಿಲಿನ ಅಗಲ ಎಷ್ಟು, ಒಳಗೆ ಎತ್ತರ ಎಷ್ಟು, ಅದೂ ಬೇಕು. 6 ಅಡಿ ಹಾಸಿಗೆ ಮಡಚಲು ಆಗುವುದಿಲ್ಲ. ಲಿಫ್ಟಿಗೆ ಹೋಗದ ಒಂದು ಸೋಫಾ ಮೆಟ್ಟಿಲಲ್ಲಿ ಇಳಿಯಬೇಕು. ಮೆಟ್ಟಿಲು ತಿರುಗುವ ಕಡೆ ಅಗಲ ಸಾಕಾ ಅಂತ ನೋಡಿ. ಲಾರಿ ಗೇಟಿನವರೆಗೆ ಬರುತ್ತದಾ, ಇಲ್ಲ ಬೀದಿ ತುದಿಯಲ್ಲಿ ನಿಲ್ಲುತ್ತದಾ? ಎರಡೂ ಮನೆಗಳಲ್ಲಿ ಇದನ್ನು ನೋಡಬೇಕು. ಹೊಸ ಮನೆಯನ್ನು ಎಲ್ಲರೂ ಮರೆಯುತ್ತಾರೆ.

ಸಂಜೆಗಾಳಿ

ಹೊಸ ಮನೆ ಬಾಗಿಲು ಚಿಕ್ಕದಾಗಿದ್ದರೆ ಬೀರು ಹೊರಗೇ. ನೋಡಿದ್ದೇನೆ.

ಕಿಟಕಿಪಕ್ಕ

ಎಲ್ಲರಿಗೂ ಅಪ್‌ಡೇಟ್. ಅಕ್ಕ ಹೇಳಿದ ಹಾಗೆ ಒಂದು ಕಪಾಟು ಪ್ಯಾಕ್ ಮಾಡಿದೆವು. ಒಂದಕ್ಕೆ ಎರಡು ಡಬ್ಬ ಹಿಡಿಯಿತು. ಆ ಲೆಕ್ಕದಲ್ಲಿ ಅಡುಗೆಮನೆಗೇ 12 ಡಬ್ಬ. ಪುಸ್ತಕ ಐದೂವರೆ ಮೀಟರ್, ಚಿಕ್ಕ ಡಬ್ಬ 6. ಬಟ್ಟೆ, ಹೊದಿಕೆ, ಮಕ್ಕಳ ಆಟದ ಸಾಮಾನು, ಅಟ್ಟ, ಕೊನೆ ದಿನದ್ದು ಎಲ್ಲ ಸೇರಿ ಮಧ್ಯಮ ಡಬ್ಬ, ಅಂದರೆ ಅದೇ 3 ಘನ ಅಡಿಯದು, ಇನ್ನೂ 27. ಅಂದರೆ ಡಬ್ಬಗಳೇ 126 ಘನ ಅಡಿ. ದೊಡ್ಡ ಸಾಮಾನು ಟೇಪ್ ಹಿಡಿದು ಅಳೆದರೆ 404. ಒಟ್ಟು 530.

ಮಗಳು ಪ್ರತಿ ಸಾಮಾನಿಗೂ ಒಂದು ನಂಬರ್ ಚೀಟಿ ಅಂಟಿಸಿದ್ದಾಳೆ. ಪಟ್ಟಿಯಲ್ಲೂ ಅದೇ ನಂಬರ್. ಇದನ್ನು ಮೂವರಿಗೂ ಕಳಿಸಿದೆ. 450 ಅಂದಿದ್ದವರು ಈಗ 540 ಅನ್ನುತ್ತಾರೆ. 600 ಅಂದಿದ್ದವರು ಮನೆಗೆ ಬಂದು ನೋಡುತ್ತೇವೆ ಅಂದರು. ಟನ್ ಅಂದವರು ಫೋನ್ ಎತ್ತುತ್ತಿಲ್ಲ.

ನೇರಮಾತು

ಬಂದು ನೋಡುತ್ತೇವೆ ಅಂದವರೇ ವಾಸಿ.

ತಕ್ಕಡಿ

ನಂಬರ್ ಚೀಟಿ ಅಂಟಿಸಿದ್ದು ಒಳ್ಳೆಯದಾಯ್ತು. ಪಾರ್ಟ್ ಲೋಡಿನಲ್ಲಿ ಸಾಮಾನು ಅದಲುಬದಲಾಗುವುದು ಉಂಟು. ಅದೇ ಪಟ್ಟಿಯ ಪಕ್ಕ ಇನ್ನೊಂದು ಕಾಲಂ ಹಾಕಿ, ಈಗ ಹೊಸದು ತಗೊಂಡರೆ ಎಷ್ಟಾಗುತ್ತದೆ ಅಂತ ಬರೆಯಿರಿ. ಇನ್ಶೂರೆನ್ಸ್ ಮಾಡಿಸುವಾಗ ಬೇಕಾಗುತ್ತದೆ. ಪಟ್ಟಿಯಲ್ಲಿ ಬರೆಯದ ವಸ್ತುವಿಗೆ ಆಮೇಲೆ ಪರಿಹಾರ ಕೇಳುವುದು ಕಷ್ಟ. ಇನ್ನೊಂದು ವಿಷಯ, ನೀವೇ ಪ್ಯಾಕ್ ಮಾಡಿದ ಡಬ್ಬದೊಳಗೆ ಒಡೆದರೆ ಹೊಣೆ ಯಾರದು ಅಂತ ಮೊದಲೇ ಕೇಳಿ. ಎಷ್ಟೋ ಕಡೆ ಅದಕ್ಕೆ ಪರಿಹಾರ ಇರುವುದಿಲ್ಲ.

ದೂರತೀರ

ವಿದೇಶಕ್ಕೆ ಹೋಗುವವರು ಇದ್ದರೆ ನನ್ನದೂ ಸೇರಿಸಿಕೊಳ್ಳಿ. ಹಡಗಿನಲ್ಲಾದರೆ ಘನ ಮೀಟರ್ ಲೆಕ್ಕ. ಒಂದು ಘನ ಮೀಟರ್ ಅಂದರೆ 35.3 ಘನ ಅಡಿ. 20 ಅಡಿ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗ. ಕಿಟಕಿಪಕ್ಕ ಅವರ 530 ಘನ ಅಡಿ ಅಂದರೆ 15 ಘನ ಮೀಟರ್, ಅರ್ಧ ಕಂಟೇನರ್ ಕೂಡ ಆಗುವುದಿಲ್ಲ.

ವಿಮಾನದಲ್ಲಿ ಬೇರೆಯೇ ಆಟ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 6,000ದಿಂದ ಭಾಗಿಸುತ್ತಾರೆ. ಅದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 60, 50, 50 ಅಳತೆಯ ಡಬ್ಬದಲ್ಲಿ ದಿಂಬು ತುಂಬಿ ಕಳಿಸಿದರೆ ತಕ್ಕಡಿಯಲ್ಲಿ 6 ಕೆಜಿ ಬಂದರೂ ಬಿಲ್ಲಿನಲ್ಲಿ 25 ಕೆಜಿ. ದಿಂಬು, ರಜಾಯಿ ಅಲ್ಲೇ ತಗೊಳ್ಳುವುದು ಮೇಲು.

ಸುಮ್ನೆಓದುವವ

ತೂಕದ ಮೇಲೆ ದುಡ್ಡು ತಗೊಳ್ಳುವವರು ಲಾರಿಯನ್ನು ವೇಬ್ರಿಡ್ಜ್‌ಗೆ ಹಾಕುತ್ತಾರಲ್ಲ, ಅದರಲ್ಲಿ ಮೋಸ ಮಾಡಲು ಆಗುವುದಿಲ್ಲ ತಾನೇ?

ತಕ್ಕಡಿ

ನೋಡಿಕೊಳ್ಳದಿದ್ದರೆ ಆಗುತ್ತದೆ. ಖಾಲಿ ಲಾರಿ ಒಮ್ಮೆ, ತುಂಬಿದ ಲಾರಿ ಒಮ್ಮೆ ತೂಗಬೇಕು. ಎರಡರ ವ್ಯತ್ಯಾಸ ನಿಮ್ಮ ಸಾಮಾನು. ಖಾಲಿ ತೂಗುವಾಗ ಟ್ಯಾಂಕ್ ಬರಿದಾಗಿದ್ದು ಆಮೇಲೆ 100 ಲೀಟರ್ ಡೀಸೆಲ್ ಹಾಕಿಸಿದರೆ 84 ಕೆಜಿ ಹತ್ತಿರ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಮೊದಲ ಸಲ ಖಾಲಿ ಕ್ಯಾಬಿನ್, ಎರಡನೇ ಸಲ ಮೂರು ಜನ ಕೂತಿದ್ದರೂ ಹಾಗೇ. ಎರಡೂ ಚೀಟಿ ಕೇಳಿ ಇಸ್ಕೊಳ್ಳಿ. ಲಾರಿ ನಂಬರ್, ಸಮಯ ಹೊಂದುತ್ತದಾ ನೋಡಿ. ಸಾಧ್ಯವಾದರೆ ನೀವೇ ಜೊತೆಗೆ ಹೋಗಿ.

ಹಸಿರುಮೂಲೆ

ಗಿಡದ ಕುಂಡಗಳನ್ನು ಯಾರೂ ಹೇಳಲಿಲ್ಲ! ನಮ್ಮ ಬಾಲ್ಕನಿಯಲ್ಲಿ 30 ಕುಂಡ ಇವೆ.

ಹಗ್ಗಹೊರೆ

ಅಕ್ಕಾ, ಸುಮಾರು ಜನ ಗಿಡ ತಗೊಳ್ಳುವುದಿಲ್ಲ. ದೂರದ ದಾರಿಯಲ್ಲಿ ಮುಚ್ಚಿದ ಲಾರಿಯೊಳಗೆ ಬಾಡಿಹೋಗುತ್ತವೆ, ಒದ್ದೆ ಮಣ್ಣು ಬೇರೆ ಸಾಮಾನಿನ ಮೇಲೆ ಚೆಲ್ಲುತ್ತದೆ. ಮೊದಲೇ ಕೇಳಿ, ಒಪ್ಪಿದರೆ ಪಟ್ಟಿಯಲ್ಲಿ ಬರೆಸಿ. ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಪೇಂಟ್, ಥಿನ್ನರ್, ಆಸಿಡ್ ಇವನ್ನಂತೂ ಹಾಕುವ ಹಾಗೇ ಇಲ್ಲ. ಒಡವೆ, ದಾಖಲೆ ಪತ್ರ ನಿಮ್ಮ ಜೊತೆಯಲ್ಲೇ ಇರಲಿ. ಇವೆಲ್ಲ ಲೆಕ್ಕದಿಂದ ಹೊರಗೆ.

ಹಸಿರುಮೂಲೆ

ಹಾಗಾದರೆ ಕುಂಡ ಇಲ್ಲೇ ಹಂಚಿಬಿಡುತ್ತೇನೆ. ಚಿಕ್ಕ ನಾಲ್ಕು ಕಾರಿನಲ್ಲಿ ಬರುತ್ತವೆ. ವಾಷಿಂಗ್ ಮಷಿನ್ ಮಾತು ಬಂತಲ್ಲ, ಸಾಗಿಸುವಾಗ ಅದಕ್ಕೆ ಏನೋ ಬೋಲ್ಟ್ ಹಾಕಬೇಕು ಅನ್ನುತ್ತಾರೆ, ನಿಜವಾ?

ತಕ್ಕಡಿ

ಫ್ರಂಟ್ ಲೋಡ್ ಆದರೆ ಹೌದು. ತಂದಾಗ ಹಿಂದುಗಡೆ ಉದ್ದನೆಯ ಬೋಲ್ಟುಗಳಿರುತ್ತವೆ, ಡ್ರಮ್ ಹಿಡಿದಿಡಲು. ಬಿಚ್ಚಿ ಎಲ್ಲೋ ಡ್ರಾಯರಿನಲ್ಲಿ ಇಟ್ಟಿರುತ್ತೀರಿ. ಈಗಲೇ ಹುಡುಕಿ. ಫ್ರಿಜ್ ನಿಲ್ಲಿಸಿಯೇ ಸಾಗಿಸಿ. ಮಲಗಿಸಿ ತಂದಿದ್ದರೆ ಕೂಡಲೇ ಆನ್ ಮಾಡಬೇಡಿ, ಕೆಲವು ಗಂಟೆ ನಿಂತಿರಲಿ. ಕಂಪ್ರೆಸರ್ ಎಣ್ಣೆ ವಾಪಸ್ ಇಳಿಯಬೇಕು.

ಕಿಟಕಿಪಕ್ಕ

ಇವತ್ತು ಒಬ್ಬರು ಮನೆಗೆ ಬಂದು ಪಟ್ಟಿ ಹಿಡಿದು ನೋಡಿದರು. 530ಕ್ಕೆ ಒಪ್ಪಿದರು. ಆದರೆ "ಲಾರಿಯಲ್ಲಿ ಜೋಡಿಸಿದ ಮೇಲೆ ಇನ್ನೊಮ್ಮೆ ಅಳೆಯುತ್ತೇವೆ" ಅಂದರು. ಹಗ್ಗಹೊರೆ ಅಣ್ಣ, ಇದು ಸರಿಯಾ? ಐದನೇ ಒಂದು ಭಾಗ ಖಾಲಿ ಉಳಿಯುತ್ತದೆ ಅಂತ ನೀವೇ ಹೇಳಿದ್ದಿರಲ್ಲ.

ಹಗ್ಗಹೊರೆ

ಒಳ್ಳೆ ಪ್ರಶ್ನೆ. ಎರಡು ಬೇರೆ ಬೇರೆ ಅಳತೆ ಇವೆ. ಒಂದು, ವಸ್ತುಗಳ ಅಳತೆ ಕೂಡಿಸಿದ್ದು, ನಿಮ್ಮ 530. ಇನ್ನೊಂದು, ಲಾರಿಯಲ್ಲಿ ನಿಮ್ಮ ಸಾಮಾನು ಎಷ್ಟು ಅಡಿ ಉದ್ದಕ್ಕೆ ನಿಂತಿದೆ ಅಂತ ನೋಡಿ ಅಗಲ, ಎತ್ತರಕ್ಕೆ ಗುಣಿಸಿದ್ದು. ಮಧ್ಯದ ಖಾಲಿ ಜಾಗ ಎರಡನೆಯದರಲ್ಲಿ ಸೇರುತ್ತದೆ. 530 ಘನ ಅಡಿ ಸಾಮಾನು ಲಾರಿಯಲ್ಲಿ 650 ದಾಟಬಹುದು. ಜೋಡಿಸುವವರು ಸಡಿಲ ಬಿಟ್ಟರೆ ಇನ್ನೂ ಜಾಸ್ತಿ. ಎರಡೂ ಪದ್ಧತಿ ನಡೆಯುತ್ತವೆ. ಆದರೆ ಮೊದಲನೆಯ ಅಳತೆಗೆ ರೇಟ್ ಹೇಳಿ ಎರಡನೆಯ ಅಳತೆಗೆ ಬಿಲ್ ಮಾಡುವುದು ತಪ್ಪು. ಯಾವ ಅಳತೆಗೆ ಈ ರೇಟ್ ಅಂತ ಕೇಳಿ, ಅವರ ಕೈಯಲ್ಲೇ ಕೊಟೇಶನ್ ಮೇಲೆ ಬರೆಸಿ.

ನೇರಮಾತು

ಬರೆದುಕೊಡದಿದ್ದರೆ ಬೇರೆಯವರನ್ನು ನೋಡಿ.

ಕಿಟಕಿಪಕ್ಕ

ಫೋನ್ ಮಾಡಿ ಕೇಳಿದೆ. "ಪಟ್ಟಿಯ ಅಳತೆಯೇ ಅಂತಿಮ, ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಮಾತ್ರ ಅಳೆಯುತ್ತೇವೆ" ಅಂತ ಬರೆದು ಕಳಿಸಿದ್ದಾರೆ. ಅವರಿಗೇ ಕೊಡುತ್ತಿದ್ದೇವೆ.

ಸುಮ್ನೆಓದುವವ

ಮೀನಿನ ತೊಟ್ಟಿ ಇರುವವರು ಯಾರಾದರೂ ಇದ್ದೀರಾ? 100 ಲೀಟರಿನದು, ಲೆಕ್ಕ ಹೇಗೆ ಹಿಡಿಯಲಿ?

ರಟ್ಟಿನಡಬ್ಬ

ನೀರಿದ್ದರೆ ನೀರೇ 100 ಕೆಜಿ, ಯಾರೂ ಎತ್ತುವುದಿಲ್ಲ. ಪೂರ್ತಿ ಖಾಲಿ ಮಾಡಿ, ಒಳಗಿನ ಕಲ್ಲು ಬೇರೆ ಚಿಕ್ಕ ಡಬ್ಬಕ್ಕೆ ಹಾಕಿ. ಗಾಜಿನ ತೊಟ್ಟಿಗೆ ಸುತ್ತ ಥರ್ಮಾಕೋಲ್ ಬರುತ್ತದೆ, ಅದರ ದಪ್ಪವನ್ನೂ ಸೇರಿಸಿ ಅಳೆಯಿರಿ. ಅದರ ಮೇಲೆ ಏನೂ ಇಡಬಾರದು ಅಂತ ಪಟ್ಟಿಯಲ್ಲೂ ಬರೆಯಿರಿ, ಡಬ್ಬದ ಮೇಲೂ ದಪ್ಪ ಅಕ್ಷರದಲ್ಲಿ ಬರೆಯಿರಿ. ಮೀನು ನಿಮ್ಮ ಜೊತೆ.